ಅಪ್‌ಡೇಟ್: ಚಳಿಗಾಲದಲ್ಲಿ ನವಜಾತ ಶಿಶುವಿಗೆ ಎಷ್ಟು ಬಟ್ಟೆ ಹಾಕಬೇಕು?

12 ದಿನಗಳ ಮಗಳ ಕೈಕಾಲು ಸದಾ ತಣ್ಣಗಿರುತ್ತವೆ, ಇನ್ನೊಂದು ಸ್ವೆಟರ್ ಹಾಕಬೇಕೇ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಮಕ್ಕಳ ವೈದ್ಯರಿಗೆ ತೋರಿಸಿದೆವು. ಅವರು ಮಗುವಿನ ಅಂಗೈ ಮುಟ್ಟದೆ ನೇರವಾಗಿ ಕತ್ತಿನ ಹಿಂಭಾಗಕ್ಕೆ ಬೆರಳಿಟ್ಟು, ಅಲ್ಲಿದ್ದ ಬೆವರಿನ ಪಸೆಯನ್ನು ನನಗೆ ತೋರಿಸಿದರು. ಚಳಿಯಾಗುತ್ತಿದೆಯೆಂದು ನಾನು ಹೆದರುತ್ತಿದ್ದಾಗ ಮಗುವಿಗೆ ಸೆಕೆಯಾಗುತ್ತಿತ್ತು! ನವಜಾತ ಶಿಶುಗಳಲ್ಲಿ ರಕ್ತಸಂಚಾರ ಇನ್ನೂ ಪಕ್ವವಾಗಿರದ ಕಾರಣ ಕೈಕಾಲು ತಣ್ಣಗಿರುವುದು ಸಹಜವೆಂದೂ, ಎದೆ ಮತ್ತು ಕತ್ತು ಬೆಚ್ಚಗಿದ್ದು ಬೆವರಿಲ್ಲದಿದ್ದರೆ ಸಾಕೆಂದೂ, ಅತಿಯಾದ ಶಾಖವು ನಿದ್ರೆಯಲ್ಲಿ ಶಿಶುವಿನ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುತ್ತದೆಂದೂ ಅವರು ವಿವರಿಸಿದಾಗ ನನ್ನ ಎದೆ ಝಲ್ಲೆಂದಿತು.

ಈಗ ನಾವು ತೊಡುವುದಕ್ಕಿಂತ ಒಂದು ಪದರ ಮಾತ್ರ ಹೆಚ್ಚು ಹಾಕುತ್ತೇವೆ: ಒಳಗೆ ಮೆತ್ತನೆಯ ಹತ್ತಿಯ ಅಂಗಿ, ಮೇಲೆ ಉದ್ದ ತೋಳಿನ ಉಡುಪು, ಅದರ ಮೇಲೊಂದು ತೆಳು ಸ್ವೆಟರ್. ಹೊರಗೆ ಹೊರಟಾಗ ಹಾಕುವ ಟೋಪಿ ಮತ್ತು ದಪ್ಪ ಉಡುಪನ್ನು ಒಳಗೆ ಬಂದ ಕೂಡಲೇ, ಮಗು ನಿದ್ದೆಯಲ್ಲಿದ್ದರೂ, ತೆಗೆದುಬಿಡುತ್ತೇವೆ. ಶಿಶುಗಳು ತಲೆಯ ಮೂಲಕ ಬಹಳಷ್ಟು ಶಾಖವನ್ನು ಹೊರಹಾಕುವುದರಿಂದ ಮಲಗಿಸುವಾಗ ಟೋಪಿ ಬೇಡವೇ ಬೇಡ. ಮುಖದ ಮೇಲೆ ಸರಿಯಬಹುದಾದ ಸಡಿಲ ಹೊದಿಕೆಯನ್ನೂ ಬಿಟ್ಟಿದ್ದೇವೆ. ಕಾರಿನಲ್ಲಿ ದಪ್ಪ ಕೋಟು ತೊಡಿಸುವುದಿಲ್ಲ, ಬೆಲ್ಟ್ ಬಿಗಿದ ನಂತರ ಅದರ ಮೇಲೆ ಹೊದಿಸುತ್ತೇವೆ.

ಮೈಯ ತಾಪಮಾನ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. 38 ಮುಟ್ಟಿದರೆ, ಅಥವಾ ಎದೆಗವಚಿಕೊಂಡು ಬೆಚ್ಚಗೆ ಮಾಡಿದರೂ 36.5ಕ್ಕೆ ಏರದಿದ್ದರೆ, ತಡಮಾಡದೆ ಕರೆತರಬೇಕೆಂದು ವೈದ್ಯರು ಹೇಳಿದ್ದಾರೆ.

ನಿನ್ನೆ ರಾತ್ರಿ ಮಗಳ ಕೈ ತಣ್ಣಗಿತ್ತು. ಕತ್ತು ಮುಟ್ಟಿದೆ, ಬೆಚ್ಚಗಿತ್ತು, ಬೆವರಿರಲಿಲ್ಲ. ಇನ್ನೊಂದು ಸ್ವೆಟರ್ ಹುಡುಕಲಿಲ್ಲ.