‘ರೀಚ್ಡ್ ಟು ಕಾರವಾರ’: ಈ ‘ಟು’ ಬಂದದ್ದು ಎಲ್ಲಿಂದ?

ಪ್ರಶ್ನೆ: ಶಿರಸಿ ಸುತ್ತಿನ ಹೋಂಸ್ಟೇಗಳ ಇಂಗ್ಲಿಷ್ ದಾರಿಸೂಚಿ ತಿದ್ದುವಾಗ ‘ರೀಚ್ಡ್ ಟು ಕಾರವಾರ’, ‘ಲೆಫ್ಟ್ ಟು ಕುಮಟಾ’, ‘ಬೈ ವಾಕ್’, ‘ಗೆಟ್ ಡೌನ್ ಫ್ರಂ ದ ಬಸ್’ ಮತ್ತೆ ಮತ್ತೆ ಸಿಗುತ್ತವೆ. ಇವುಗಳಲ್ಲಿ ಶುದ್ಧ ತಪ್ಪು ಯಾವುದು, ಬರೀ ರೂಢಿ ಯಾವುದು?

ಉತ್ತರ: ಮೊದಲೆರಡಕ್ಕೂ ಕಾರಣ ನಮ್ಮ ಚತುರ್ಥಿ ವಿಭಕ್ತಿ, ಅಂದರೆ ‘-ಗೆ’, ‘-ಕ್ಕೆ’ ಪ್ರತ್ಯಯ. ಕಾರವಾರಕ್ಕೆ ಹೋದ, ಕಾರವಾರಕ್ಕೆ ಮುಟ್ಟಿದ, ಕಾರವಾರಕ್ಕೆ ಹೊರಟ ಎಂದು ಮೂರಕ್ಕೂ ಒಂದೇ ಪ್ರತ್ಯಯ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಇದನ್ನು ನಿರ್ಧರಿಸುವುದು ಕ್ರಿಯಾಪದ. ‘ಗೋ’ಗೆ ‘ಟು’ ಬೇಕು, ‘ರೀಚ್’ಗೆ ಏನೂ ಬೇಡ, ‘ಲೀವ್’ಗೆ ‘ಫಾರ್’. ಹಾಗೆಂದು ‘ಲೆಫ್ಟ್ ಟು ಕಾರವಾರ’ದ ‘ಟು’ವನ್ನು ಬರೀ ಹೊಡೆದುಹಾಕಬೇಡಿ, ಅರ್ಥವೇ ತಿರುಗುತ್ತದೆ: ‘ಲೆಫ್ಟ್ ಕಾರವಾರ’ ಎಂದರೆ ಕಾರವಾರ ಬಿಟ್ಟ. ಶಿರಸಿ ಬಿಟ್ಟು ಕಾರವಾರಕ್ಕೆ ಹೊರಟವ ‘ಲೆಫ್ಟ್ ಶಿರಸಿ ಫಾರ್ ಕಾರವಾರ’. ‘ಅರೈವ್’ಗೂ ‘ಟು’ ಸಲ್ಲದು. ಊರಾದರೆ ‘ಇನ್ ಕಾರವಾರ’, ನಿಲ್ದಾಣವಾದರೆ ‘ಅಟ್ ದ ಸ್ಟೇಷನ್’. ಮನೆಗೆ, ಇಲ್ಲಿಗೆ, ಅಲ್ಲಿಗೆ ಎನ್ನುವಾಗಲೂ ‘ಟು’ ಇಲ್ಲ: ‘ಗೋ ಹೋಮ್’, ‘ಕಮ್ ಹಿಯರ್’.

‘ಬೈ ವಾಕ್’ ತಪ್ಪೇ. ‘ಆನ್ ಫುಟ್’ ಬರೆಯಿರಿ. ‘ಬೈ ಬಸ್’, ‘ಬೈ ಟ್ರೇನ್’ ಸರಿ. ಆದರೆ ನಡುವೆ ‘ಮೈ’ ಅಥವಾ ‘ದ’ ಬಂದಿತೋ, ‘ಬೈ’ ಜಾಗ ಬಿಡಬೇಕು: ‘ಇನ್ ಮೈ ಕಾರ್’, ‘ಆನ್ ದ ಮಾರ್ನಿಂಗ್ ಬಸ್’.

‘ಗೆಟ್ ಡೌನ್’ ನಮ್ಮ ದೇಶದ ರೂಢಿ, ಭಾರತೀಯ ಓದುಗನಿಗೆ ತೊಡಕಿಲ್ಲ. ಹೊರದೇಶದ ಅತಿಥಿಗಾದರೆ ‘ಗೆಟ್ ಆಫ್’ ವಾಸಿ. ಹತ್ತು, ಇಳಿ ಎಂಬ ಎರಡೇ ಪದಗಳಲ್ಲಿ ನಾವು ಮುಗಿಸುವುದಕ್ಕೆ ಅಲ್ಲಿ ಎರಡು ಜೋಡಿ. ಒಳಗೆ ಎದ್ದುನಿಂತು ಓಡಾಡಬಹುದಾದ ವಾಹನಕ್ಕೆ ‘ಗೆಟ್ ಆನ್, ಗೆಟ್ ಆಫ್’; ಬಗ್ಗಿ ಒಳಸೇರಿ ಕೂರಬೇಕಾದ್ದಕ್ಕೆ ‘ಗೆಟ್ ಇನ್, ಗೆಟ್ ಔಟ್ ಆಫ್’. ಬಸ್ಸು, ರೈಲು ಮೊದಲನೆಯದು. ಕಾರು, ರಿಕ್ಷಾ ಎರಡನೆಯದು. ನೀರಿನ ಮೇಲೂ ಇದೇ ಲೆಕ್ಕ: ತದಡಿಯಿಂದ ಅಘನಾಶಿನಿಗೆ ದಾಟುವ ಬಾರ್ಜಿಗೆ ‘ಆನ್’, ಹುಟ್ಟು ಹಾಕುವ ಸಣ್ಣ ದೋಣಿಗೆ ‘ಇನ್’. ಬೈಕು ಮಾತ್ರ ಈ ಲೆಕ್ಕಕ್ಕೆ ಸಿಗದು. ಮೇಲೆ ಕಾಲು ಹಾಕಿ ಕೂರುವುದರಿಂದ ಅದಕ್ಕೂ ‘ಆನ್’.

ದೇವಿಮನೆ ಘಟ್ಟ ಹತ್ತುವುದಕ್ಕೆ ‘ಗೋ ಅಪ್ ದ ಘಾಟ್’ ಅಥವಾ ‘ಕ್ಲೈಂಬ್’, ಎರಡೂ ನಡೆಯುತ್ತವೆ. ಬಸ್ಸಿಗೆ ‘ಕ್ಲೈಂಬ್ ದ ಬಸ್’ ಎಂದಿರೋ, ಅತಿಥಿ ಟಾಪಿನ ಮೇಲಿರುತ್ತಾನೆ.