ಶುಂಠಿಗೆ ಹಳೇ ಫೋರೇಟ್ ಹಾಕಿಸಿದ್ದೇನೆ, ಕೆಲಸದವರಿಗೆ ಹುಷಾರಿಲ್ಲ

(ರೈತರ ಮೆಸೇಜ್ ಗುಂಪಿನ ಮಾತು; ಬರೆದವರ ಹೆಸರಿನ ಬದಲು ಅವರ ಊರು ಇದೆ.)

ಹೊಸನಗರ: ಸಾರ್, ಮನೆಯಲ್ಲಿ ಉಳಿದಿದ್ದ ಫೋರೇಟ್ ಎಂಬ ಕೀಟನಾಶಕದ ಹರಳನ್ನು ಇವತ್ತು ಶುಂಠಿ ಗದ್ದೆಗೆ ಹಾಕಿಸಿದೆ. ಬರಿಗೈಯಲ್ಲೇ ಹಾಕಿದರು. ಒಬ್ಬರಿಗೆ ಮಧ್ಯಾಹ್ನದಿಂದ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಮಲಗಿಸಿದ್ದೇನೆ.

ಸಾಗರ: ಬೆಲ್ಲದ ನೀರು ಕೊಡಿ. ಆಮೇಲೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಫಾರ್ವರ್ಡ್ ಬಂದಿದೆ, ಹಾಕ್ತೇನೆ.

ಕೃಷಿ ಅಧಿಕಾರಿ: ಆ ಫಾರ್ವರ್ಡ್ ಹಾಕಬೇಡಿ, ದಯವಿಟ್ಟು. ವಿಷ ಚರ್ಮದಿಂದ ಒಳಗೆ ಹೋಗಿದೆ, ವಾಂತಿ ಮಾಡಿಸಿ ಏನು ಬರುತ್ತದೆ? ಮಂಪರಿನಲ್ಲಿದ್ದರೆ ವಾಂತಿ ಶ್ವಾಸಕೋಶಕ್ಕೇ ಹೋಗುತ್ತದೆ. ಹೊಸನಗರದವರೇ, ಮಲಗಿಸಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಹಾಕಿಕೊಂಡ ಬಟ್ಟೆ ತೆಗೆಸಿ, ಮೈಯನ್ನು ಸೋಪು ಹಾಕಿ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರ್ ಆದರೂ ಕಟ್ಟಿಕೊಳ್ಳಿ. ಬೆವರು, ಜೊಲ್ಲು, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣಗಾಗುವುದು, ಇವೆಲ್ಲ ನರದ ಮೇಲೆ ಕೆಲಸ ಮಾಡುವ ಈ ಜಾತಿ ಔಷಧಿಯ ಗುರುತು, ಮುಂದೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಪ್ರತಿವಿಷವಾದ ಅಟ್ರೋಪಿನ್ ಕೊಡುತ್ತಾರೆ. ಚೀಲ ತಗೊಂಡು ಹೋಗಿ, ಅದರ ಮೇಲಿನ ಹೆಸರು ವೈದ್ಯರಿಗೆ ಬೇಕು. ಫೋರೇಟ್ ಮಾರುವುದು, ಬಳಸುವುದು ಎರಡೂ 2020ರ ಡಿಸೆಂಬರ್ 31ರಿಂದ ನಿಷೇಧ. ಅದು ಕೆಂಪು ತ್ರಿಕೋನದ ಔಷಧಿ, ಅಂದರೆ ಅತಿ ವಿಷ.

ಕೊಪ್ಪ: ಸಾರ್, ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪ್ರಮಾಣ?

ಕೃಷಿ ಅಧಿಕಾರಿ: ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಕತ್ತಿ ಅದ್ದಿ ನೋಡಿ, ಕೆಂಪಗಾದರೆ ಸುಣ್ಣ ಸಾಲದು. ಈ ವಾರ ಮೂರು ಸಲ ಬರೆದಿದ್ದೇನೆ.

ಸಾಗರ: ಉಪ್ಪುನೀರು ನಮ್ಮ ಅಜ್ಜನ ಕಾಲದ್ದು. ವಿಷ ಹಾಕದೇ ಬೆಳೆದರೆ ಈ ಪ್ರಶ್ನೆಯೇ ಇಲ್ಲ.

ತೀರ್ಥಹಳ್ಳಿ: ನೀವು ಅಡಿಕೆಗೆ ಮೈಲುತುತ್ತು ಹೊಡೆಸಲ್ವಾ? ನಿಮ್ಮ ಕೊನೆಗಾರರು, ಅದೇ ಮರ ಹತ್ತುವವರು, ಕಣ್ಣೆಲ್ಲ ನೀಲಿಮಯ ಮಾಡಿಕೊಂಡು ಇಳಿಯೋದು ನಾನೇ ನೋಡಿದ್ದೇನೆ.

ಸಾಗರ: ಅದೂ ಇದೂ ಒಂದೇನಾ? ಸುಮ್ನೆ ಮಾತಾಡಬೇಡಿ.

ತೀರ್ಥಹಳ್ಳಿ: ಶುಂಠಿಗೆ ಗದ್ದೆ ಗುತ್ತಿಗೆ ಕೊಟ್ಟವರು ನೀವು. ಅಲ್ಲಿ ಏನು ಹಾಕ್ತಾರೆ ಅಂತ ಒಂದು ದಿನ ಹೋಗಿ ಕೇಳಿದ್ದೀರಾ?

ಶಿಕಾರಿಪುರ: ಎಂಡೋಸಲ್ಫಾನ್ ಕೀಟನಾಶಕ ಹಳೇದು ಒಂದು ಡಬ್ಬಿ ಇದೆ, ಗೇರಿಗೆ ಹೊಡೀಬಹುದಾ?

ಕೃಷಿ ಅಧಿಕಾರಿ: ಇಲ್ಲ. 2011ರಲ್ಲೇ ಸುಪ್ರೀಂ ಕೋರ್ಟ್ ತಡೆದಿದೆ. ಹಳ್ಳಕ್ಕೂ ಸುರಿಯಬೇಡಿ.

ಸೊರಬ: ಕಾಳುಮೆಣಸಿಗೆ ಔಷಧಿ ಹೊಡೆದು ಎಷ್ಟು ದಿನ ಬಿಟ್ಟು ಕೊಯ್ಯಬೇಕು?

ಸಾಗರ: ಗುತ್ತಿಗೆ ವಿಷಯ ಇಲ್ಲಿ ಬೇಡ, ಹೇಳಿದ್ದೇನೆ.

ಕೃಷಿ ಅಧಿಕಾರಿ: ಇಬ್ಬರೂ ನಿಲ್ಲಿಸಿ. ಹೊಸನಗರದವರೇ, ಹೊರಟ್ರಾ?

ಹೊಸನಗರ: ಜೀಪು ಬಂತು ಸಾರ್. ಮೈ ತೊಳೆಸಿದೆವು. ಪಾಪೆ ನೀವು ಹೇಳಿದ ಹಾಗೇ ಚುಕ್ಕಿ ಆಗಿದೆ.

ಕೃಷಿ ಅಧಿಕಾರಿ: ಚೀಲ ತಗೊಂಡ್ರಾ? ಉಳಿದ ಕೆಲಸದವರನ್ನೂ ಕರೆದುಕೊಂಡು ಹೋಗಿ.