ವಿಂಡೋಸ್ 10 ಬಿಟ್ಟು ಲಿನಕ್ಸ್‌ಗೆ ಹೋಗಲಾ, ಮ್ಯಾಕ್‌ಗಾ? ಸ್ಕ್ರೀನ್ ರೀಡರ್ ಬಳಸುವವರು ಹೇಳಿ

ಬಾಣದಕೀಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಸ್ವಲ್ಪವೂ ಕಾಣುವುದಿಲ್ಲ. ವಿಂಡೋಸ್ 10ರಲ್ಲಿ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕಿಕೊಂಡು ಎಲ್ಲಾ ಕೆಲಸ ನಡೆಸುತ್ತಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸಪೋರ್ಟ್ ಮುಗಿಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇಲ್ಲ, ಹಾಗಾಗಿ 11 ಹಾಕೋಕೆ ಬಿಡುತ್ತಿಲ್ಲ. ಎಂಟು ಜಿಬಿ ರ್‍ಯಾಮ್ ಇದೆ, ಮಷಿನ್ ಗಟ್ಟಿಮುಟ್ಟಾಗಿದೆ, ಸುಮ್ನೆ ಮೂಲೆಗೆ ಹಾಕಲು ಮನಸ್ಸು ಬರುತ್ತಿಲ್ಲ.

ಕಣ್ಣು ಕಾಣುವ ಗೆಳೆಯರನ್ನು ಕೇಳಿದರೆ "ಲಿನಕ್ಸ್ ಹಾಕು, ಪುಕ್ಕಟೆ, ಫಾಸ್ಟ್" ಅಂತಾರೆ. ಅವರಿಗೇನು, ಪರದೆ ನೋಡಿ ಒತ್ತಿದರಾಯಿತು. ಇನ್‌ಸ್ಟಾಲ್ ಆಗುವಾಗ ಅರ್ಧದಲ್ಲಿ ಮಾತು ನಿಂತುಹೋದರೆ ನಾನು ಏನಂತ ಒತ್ತಲಿ? ಇನ್ನೊಬ್ಬರು ಹಳೇ ಮ್ಯಾಕ್ ತಗೋ, ಅದರಲ್ಲಿ ಎಲ್ಲಾ ಒಳಗೇ ಬರುತ್ತೆ ಅಂತಾರೆ.

ನನ್ನ ಕೆಲಸ ಹೆಚ್ಚಾಗಿ ಮೇಲ್, ಬ್ರೌಸರ್, ಮ್ಯಾಕ್ರೊ ತುಂಬಿದ ಎಕ್ಸೆಲ್ ಶೀಟ್‌ಗಳು, ರೀಪರ್‌ನಲ್ಲಿ ಆಡಿಯೊ ಎಡಿಟಿಂಗ್. ಕನ್ನಡ ಓದುವುದು ಬರೆಯುವುದೂ ಇದೆ. ನಿಜವಾಗಿ ದಾಟಿ ಹೋದವರು ಇದ್ದರೆ ಹೇಳಿ, ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ?

ಟರ್ಮಿನಲ್‌ಹುಳು ಉತ್ತರ:

ನಾನು ಲಿನಕ್ಸ್‌ನಲ್ಲೇ ಇರುವವನು, ಆದರೂ ನಿಮ್ಮ ಪಟ್ಟಿ ನೋಡಿ ನೇರವಾಗಿ ಹೇಳುತ್ತೇನೆ. ಬ್ರೌಸರ್, ಮೇಲ್, ಕನ್ನಡ, ಈ ಮೂರಕ್ಕೂ ಲಿನಕ್ಸ್ ಸಾಕು. ರೀಪರ್‌ಗೆ ಸಾಲದು. ರೀಪರ್ ಅಲ್ಲಿಗೂ ಸಿಗುತ್ತೆ ನಿಜ, ಆದರೆ ಅದನ್ನು ನಮಗೆ ಬಳಸುವ ಹಾಗೆ ಮಾಡುವ ಒಸಾರಾ ಅನ್ನೋ ಎಕ್ಸ್‌ಟೆನ್ಷನ್ ಇರುವುದು ವಿಂಡೋಸ್‌ಗೆ ಮತ್ತು ಮ್ಯಾಕ್‌ಗೆ ಮಾತ್ರ. ಎಕ್ಸೆಲ್ ಮ್ಯಾಕ್ರೊಗಳೂ ಅಷ್ಟೇ. ಅಲ್ಲಿನ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನು ಲಿನಕ್ಸ್‌ನ ಸ್ಕ್ರೀನ್ ರೀಡರ್ ಆದ ಓರ್ಕಾ ಓದುತ್ತೆ, ಸಾದಾ ಶೀಟ್‌ಗೆ ತೊಂದರೆ ಇಲ್ಲ, ಆದರೆ ಎಕ್ಸೆಲ್‌ಗೆ ಅಂತ ಬರೆದ ಮ್ಯಾಕ್ರೊ ಅಲ್ಲಿ ಹಾಗೇ ಓಡುತ್ತೆ ಅಂತ ನಂಬಿ ಕೂರಬೇಡಿ.

ಇನ್‌ಸ್ಟಾಲ್ ಬಗ್ಗೆ ಭಯ ಬೇಡ. ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಯುಎಸ್‌ಬಿಯಿಂದ ಬೂಟ್ ಆದಾಗ ಮೆನು ಬಂತು ಅಂತ ಬೀಪ್ ಹೊಡೆಯುತ್ತೆ. ಆಗ ಎಸ್ ಒತ್ತಿ ಎಂಟರ್ ಕೊಡಿ. ಸ್ವಲ್ಪ ಹೊತ್ತಿಗೆ ಮಾತು ಶುರುವಾಗುತ್ತೆ, ಪ್ರತಿ ಪ್ರಶ್ನೆಯನ್ನೂ ನಂಬರ್ ಹಾಕಿ ಓದುತ್ತೆ, ನೀವು ನಂಬರ್ ಟೈಪ್ ಮಾಡಿದರಾಯಿತು. ಹೀಗೆ ಹಾಕಿದರೆ ಆಮೇಲೆ ಹೊಸ ಸಿಸ್ಟಂ ಏಳುವಾಗಲೂ ಮಾತು ಇರುತ್ತೆ. ಉಬುಂಟು ಅನ್ನೋ ಇನ್ನೊಂದು ಬಗೆ ಆದರೆ ಆಲ್ಟ್, ಸೂಪರ್, ಎಸ್ ಒಟ್ಟಿಗೆ ಒತ್ತಿ. ಸೂಪರ್ ಅಂದರೆ ನಿಮ್ಮ ವಿಂಡೋಸ್ ಕೀ.

ಮಾತಾಡದೇ ಇರುವುದು ಬಯೋಸ್ (ಮಷಿನ್ ಆನ್ ಆದೊಡನೆ, ಓಎಸ್‌ಗೂ ಮೊದಲು ಬರುವ ಸೆಟ್ಟಿಂಗ್) ಒಂದೇ. ಯುಎಸ್‌ಬಿಯಿಂದ ಬೂಟ್ ಮಾಡು ಅಂತ ಹೇಳುವ ಆ ಒಂದು ಹೆಜ್ಜೆಗೆ ಯಾರಾದರೂ ಪಕ್ಕದಲ್ಲಿ ಇರಲಿ, ಇಲ್ಲವಾದರೆ ಫೋನ್‌ನಲ್ಲಿ ಕಣ್ಣು ಕಾಣುವ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ನೋಡಿ ಹೇಳುವ ಬಿ ಮೈ ಐಸ್ ಆಪ್ ತೆರೆದು ಕ್ಯಾಮೆರಾ ತೋರಿಸಿ.

ಇನ್ನೊಂದು ಸಮಾಧಾನ. ಎನ್‌ವಿಡಿಎಯಲ್ಲಿ ಬರುವ ಇಸ್ಪೀಕ್ ಎನ್‌ಜಿ ದನಿಯೇ ಓರ್ಕಾದಲ್ಲೂ ಸಾಮಾನ್ಯವಾಗಿ ಇರುತ್ತೆ, ಅದರಲ್ಲಿ ಕನ್ನಡವೂ ಇದೆ. ಕಿವಿಗೆ ಹೊಸದು ಏನೂ ಇಲ್ಲ. ವೆಬ್‌ನಲ್ಲಿ ಎಚ್ ಒತ್ತಿದರೆ ಹೆಡಿಂಗ್, ಕೆ ಒತ್ತಿದರೆ ಲಿಂಕ್, ಇವೂ ಹಾಗೇ. ಬ್ರೌಸ್ ಮೋಡ್ (ಪುಟ ಓದುವ ಸ್ಥಿತಿ) ಬದಲಿಸೋಕೆ ಎನ್‌ವಿಡಿಎ ಕೀ ಜೊತೆ ಸ್ಪೇಸ್ ಒತ್ತುತ್ತಿದ್ದಿರಿ ಅಲ್ವಾ, ಇಲ್ಲಿ ಓರ್ಕಾ ಕೀ ಜೊತೆ ಎ (ಎರಡಕ್ಕೂ ಆ ಕೀ ಸಾಮಾನ್ಯವಾಗಿ ಇನ್ಸರ್ಟ್). ಸ್ಪೇಸ್ ಒತ್ತಿದರೆ ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತೆ, ಮೊದಮೊದಲು ಇದೇ ಎಲ್ಲರ ತಲೆ ಕೆಡಿಸುವುದು.

ರೋಟರ್_ತಿರುಗಿಸು ಉತ್ತರ:

ಮ್ಯಾಕ್ ಕಡೆಯಿಂದ ನಾನು ಹೇಳುತ್ತೇನೆ. ಬೇರೆಯವರ ಸಹಾಯ ಇಲ್ಲದೆ ಶುರುವಿನಿಂದ ಕೊನೆವರೆಗೂ ನಾವೇ ಹಾಕಿಕೊಳ್ಳಬಹುದು ಅನ್ನೋದಾದರೆ ಇದನ್ನು ಮೀರಿಸುವುದು ಇಲ್ಲ. ಮ್ಯಾಕ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ 2005ರಿಂದಲೇ ಸಿಸ್ಟಂ ಒಳಗೆ ಇದೆ. ಕಮಾಂಡ್ ಎಫ್5 ಒತ್ತಿದರೆ ಮಾತು ಶುರು, ಸಿಸ್ಟಂ ಮತ್ತೆ ಹಾಕುವ ರಿಕವರಿಯಲ್ಲೂ ಬರುತ್ತೆ. ರೀಪರ್, ಒಸಾರಾ ಎರಡೂ ಓಡುತ್ತವೆ.

ಆದರೆ ಎನ್‌ವಿಡಿಎಯಿಂದ ಬಂದವರು ಓರ್ಕಾಗಿಂತ ಜಾಸ್ತಿ ಒದ್ದಾಡುವುದು ಇಲ್ಲೇ. ವಿಂಡೋಸ್‌ನಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಸಿಗುತ್ತಿದ್ದದ್ದು ಇಲ್ಲಿ ಗುಂಪು ಗುಂಪಾಗಿ ಇರುತ್ತೆ. ಕಂಟ್ರೋಲ್, ಆಪ್ಷನ್, ಶಿಫ್ಟ್ ಹಿಡಿದು ಕೆಳಬಾಣ ಒತ್ತಿ ಗುಂಪಿನ ಒಳಗೆ ಇಳಿಯಬೇಕು, ಮೇಲ್ಬಾಣ ಒತ್ತಿ ಹೊರಗೆ ಬರಬೇಕು, ಇದು ಗೊತ್ತಿಲ್ಲದಿದ್ದರೆ "ಇಲ್ಲಿ ಏನೂ ಇಲ್ವಲ್ಲಾ" ಅಂತ ಖಾಲಿ ಜಾಗದಲ್ಲಿ ಸುತ್ತುತ್ತಾ ಇರುತ್ತೀರಿ, ಬೇಕಾದ ಬಟನ್ ಅಲ್ಲೇ ಒಳಗೆ ಕೂತಿರುತ್ತೆ. ಕೈ ಪಳಗಿದ ಮೇಲೆ ಚೆನ್ನಾಗೇ ಇದೆ. ಕಂಟ್ರೋಲ್, ಆಪ್ಷನ್, ಕೆ ಒತ್ತಿದರೆ ಯಾವ ಕೀ ಏನು ಮಾಡುತ್ತೆ ಅಂತ ಅದೇ ಹೇಳಿಕೊಡುತ್ತೆ, ಎನ್‌ವಿಡಿಎ ಮತ್ತು 1 ಒತ್ತಿದ ಹಾಗೆ.

ಎಕ್ಸೆಲ್‌ನಲ್ಲೇ ದಿನ ಕಳೆಯುವವರಿಗೆ ವಿಂಡೋಸ್ ಪರವಾಗಿಲ್ಲ ಅನ್ನುವುದಲ್ಲ, ವಿಂಡೋಸೇ ಬೇಕು. ನಮ್ಮಲ್ಲಿ ಹಲವರು ಮ್ಯಾಕ್ ಒಳಗೆ ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ವಿಂಡೋಸ್ 11 ಮತ್ತು ಎನ್‌ವಿಡಿಎ ಹಾಕಿಕೊಂಡಿರುವುದು ಇದಕ್ಕೇ. ಇನ್ನೊಂದು ಮಾತು, ಹಳೇ ಮ್ಯಾಕ್ ಅಂದರೆ ಎಷ್ಟು ಹಳೇದು ಅಂತ ನೋಡಿಕೊಳ್ಳಿ. ಹೊಸ ಮ್ಯಾಕ್‌ಓಎಸ್ ಹಾಕೋಕೆ ಬರದಂಥದ್ದನ್ನು ತಗೊಂಡರೆ ಈಗ ಇರುವ ತಲೆನೋವನ್ನೇ ಮತ್ತೆ ದುಡ್ಡು ಕೊಟ್ಟು ತಂದ ಹಾಗೆ.

ಮಂದಬೆಳಕು ಉತ್ತರ:

ನಾನು ಸ್ವಲ್ಪ ಕಾಣುವವರ ಪೈಕಿ, ಪ್ರಶ್ನೆ ಕೇಳಿದವರಿಗೆ ಇದು ಬೇಕಾಗಲ್ಲ, ಆದರೆ ನನ್ನಂಥವರೂ ಓದುತ್ತಿರಬಹುದು. ದೊಡ್ಡದು ಮಾಡಿ ನೋಡುವ ಸೌಲಭ್ಯ ಮೂರೂ ಕಡೆ ಇದೆ. ವಿಂಡೋಸ್ ಕೀ ಜೊತೆ ಪ್ಲಸ್, ಮ್ಯಾಕ್‌ನಲ್ಲಿ ಆಪ್ಷನ್ ಕಮಾಂಡ್ 8, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಆಲ್ಟ್ ಸೂಪರ್ 8. ಮ್ಯಾಕ್‌ನಲ್ಲಿ ಈ ಕೀಗಳನ್ನು ಮೊದಲು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿರಬೇಕು. ಬಣ್ಣ ತಿರುಗಿಸಿ ಕಪ್ಪು ಹಿನ್ನೆಲೆ ಮಾಡಿಕೊಳ್ಳುವುದು ಮ್ಯಾಕ್‌ನಲ್ಲಿ ನನಗೆ ಹಿತ ಅನಿಸಿತು. ಲಿನಕ್ಸ್‌ನಲ್ಲಿ ಯಾವ ಡೆಸ್ಕ್‌ಟಾಪ್ ಹಾಕಿದ್ದೀರಿ ಅನ್ನೋದರ ಮೇಲೆ ಎಲ್ಲಾ ಬದಲಾಗುತ್ತೆ, ಹಾಗಾಗಿ ಹಾಕುವ ಮೊದಲು ಲೈವ್ ಯುಎಸ್‌ಬಿಯಲ್ಲಿ (ಡಿಸ್ಕ್‌ಗೆ ಹಾಕದೆ ಓಡಿಸುವುದು) ಕಣ್ಣಿಗೆ ಒಗ್ಗುತ್ತಾ ನೋಡಿ.

ಹಳೆಚಾಳಿ ಉತ್ತರ:

ಎಲ್ಲರೂ ಯಾಕೆ ಇಷ್ಟು ಅವಸರ ಮಾಡಿಸುತ್ತಿದ್ದೀರಿ? ಮನೆಯಲ್ಲಿ ಬಳಸುವವರಿಗೆ ವಿಂಡೋಸ್ 10ರ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವ ಯೋಜನೆ ಇದೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಮೊದಲು ಅದಕ್ಕೆ ಸೇರಿ. ಆಮೇಲೆ ವರ್ಚುವಲ್ ಮಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಲಿನಕ್ಸ್ ಕಲಿಯಿರಿ. ಕೆಲಸದ ಮಷಿನ್ ಕೆಲಸ ಮಾಡುತ್ತಲೇ ಇರಲಿ. ಕಣ್ಣು ಕಾಣುವವರು ಒಂದು ವಾರಾಂತ್ಯದಲ್ಲಿ ಓಎಸ್ ಬದಲಿಸುತ್ತಾರೆ, ಏಕೆಂದರೆ ಅವರಿಗೆ ಬದಲಾಗುವುದು ಐಕಾನ್ ಇರುವ ಜಾಗ ಅಷ್ಟೇ. ನಮಗೆ ಸ್ಕ್ರೀನ್ ರೀಡರೇ ಬದಲಾಗುತ್ತೆ, ಬೆರಳಿಗೆ ರೂಢಿಯಾದ ಕೀಗಳೆಲ್ಲಾ ಹೋಗುತ್ತವೆ. ಯಾವ ಓಎಸ್ ಚೆನ್ನ ಅನ್ನೋ ಜಗಳ ಆಮೇಲೆ ಇರಲಿ, ನೀವು ದಿನಾ ತೆರೆಯುವ ಪ್ರೋಗ್ರಾಂಗಳು ಅಲ್ಲಿ ಮಾತಾಡುತ್ತವಾ, ಮೊದಲು ಅದನ್ನು ನೋಡಿ.

ಲಿನಕ್ಸ್‌ನವರು ಹೇಳದೇ ಬಿಟ್ಟ ಒಂದು ವಿಷಯವನ್ನೂ ಸೇರಿಸುತ್ತೇನೆ. ಸೌಂಡ್ ಹೋದರೆ ಎಲ್ಲಾ ಹೋದ ಹಾಗೆ. ಅಪ್‌ಡೇಟ್ ಆದ ಮೇಲೆ ಸೌಂಡ್ ಮಾನಿಟರ್‌ಗೆ ಹೋಗುವ ಎಚ್‌ಡಿಎಂಐ ಕಡೆ ಹೋಗಿ ಕೂತರೆ, ಸರಿ ಮಾಡೋಕೆ ಬೇಕಾದ ಸೆಟ್ಟಿಂಗ್ಸ್ ಓದೋಕೇ ಸೌಂಡ್ ಬೇಕು.

ಟರ್ಮಿನಲ್‌ಹುಳು ಉತ್ತರ:

@ಹಳೆಚಾಳಿ ಸೌಂಡ್ ವಿಷಯ ಒಪ್ಪಿದೆ. ಅದಕ್ಕೇ ನಾನು ಯುಎಸ್‌ಬಿ ಹೆಡ್‌ಸೆಟ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ, ಅದರದ್ದು ಬೇರೆಯೇ ಸೌಂಡ್ ಕಾರ್ಡ್. ಬ್ರೈಲ್ ಡಿಸ್‌ಪ್ಲೇ ಇದ್ದವರಿಗೆ ಅದಕ್ಕೆ ಅಕ್ಷರ ಕಳಿಸುವ ಬಿಆರ್‌ಎಲ್‌ಟಿಟಿವೈ ಅನ್ನೋ ಪ್ರೋಗ್ರಾಂ ಇದೆ, ಮಾತು ಸತ್ತರೂ ಬೆರಳಿಗೆ ಸಿಗುತ್ತೆ. ಇನ್ನೂ ಒಂದು ದಾರಿ, ಎಸ್‌ಎಸ್‌ಎಚ್ ಮೊದಲೇ ಆನ್ ಮಾಡಿಟ್ಟುಕೊಂಡರೆ ಫೋನ್‌ನಿಂದ ಒಳಗೆ ಹೋಗಿ ರಿಪೇರಿ ಮಾಡಬಹುದು. ಓರ್ಕಾ ಮಾತ್ರ ತೂಕಡಿಸಿದರೆ ಆಲ್ಟ್ ಎಫ್2 ಒತ್ತಿ, ಓರ್ಕಾ, ಸ್ಪೇಸ್, ಎರಡು ಹೈಫನ್, ರಿಪ್ಲೇಸ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ, ಎದ್ದು ಕೂರುತ್ತೆ.

ಡೆಸ್ಕ್‌ಟಾಪ್ ಮಾಟೆ ಆಗಿರಲಿ, ಇಲ್ಲವೇ ಗ್ನೋಮ್. ಗ್ನೋಮ್ ಆದರೆ 48 ಅಥವಾ ಅದಕ್ಕಿಂತ ಹೊಸದು ನೋಡಿ ಹಾಕಿ. ಅದಕ್ಕೂ ಮೊದಲು ಪರದೆ, ಕೀಬೋರ್ಡ್ ನೋಡಿಕೊಳ್ಳುವ ವೇಲ್ಯಾಂಡ್‌ನಲ್ಲಿ ಓರ್ಕಾ ಕೀಗಳದ್ದು ಕಿರಿಕಿರಿ ಇತ್ತು.

ಬಾಣದಕೀಲಿ:

ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ವಿಂಡೋಸ್ 10 ಅನ್ನೇ ಆ ಯೋಜನೆಗೆ ಸೇರಿಸಿದೆ. ರೀಪರ್, ಎಕ್ಸೆಲ್ ಎರಡನ್ನೂ ಬಿಡೋಕೆ ಆಗಲ್ಲ, ಹಾಗಾಗಿ ಅವಕ್ಕೆ ಮುಂದೆ ವಿಂಡೋಸ್ 11 ಇರುವ ಮಷಿನ್ ನೋಡುತ್ತೇನೆ, ಈ ಹಳೇ ಲ್ಯಾಪ್‌ಟಾಪ್ ಮೇಲ್‌ಗೆ, ಓದೋಕೆ ಅಂತ ಲಿನಕ್ಸ್ ಆಗಲಿ. ವರ್ಚುವಲ್‌ಬಾಕ್ಸ್‌ನಲ್ಲಿ ಡೆಬಿಯನ್ ಮಾಟೆ ಹಾಕಿದೆ, ಎಸ್ ಒತ್ತಿದ ಮೇಲೆ ನಿಜವಾಗಲೂ ಮಾತಾಡಿತು! ಈಗ ತೊಂದರೆ ಏನಂದರೆ, ಇನ್ಸರ್ಟ್ ಒತ್ತಿದರೆ ಎನ್‌ವಿಡಿಎ ಹಿಡಿದುಕೊಳ್ಳುತ್ತೆ, ಓರ್ಕಾಗೆ ತಲುಪುವುದೇ ಇಲ್ಲ. ಏನು ಮಾಡೋದು?

ಹಳೆಚಾಳಿ ಉತ್ತರ:

ವರ್ಚುವಲ್ ಮಷಿನ್‌ನ ವಿಂಡೋದಲ್ಲಿ ಇರುವಾಗ ಎನ್‌ವಿಡಿಎ, ಶಿಫ್ಟ್, ಎಸ್ ಒತ್ತಿ. ಲ್ಯಾಪ್‌ಟಾಪ್ ಲೇಔಟ್ ಇಟ್ಟುಕೊಂಡಿದ್ದರೆ ಎಸ್ ಬದಲು ಜೆಡ್. ಎನ್‌ವಿಡಿಎ ಸುಮ್ಮನಾಗುವ ಸ್ಲೀಪ್ ಮೋಡ್ ಆನ್ ಆಗುತ್ತೆ. ಅದು ಆ ಪ್ರೋಗ್ರಾಂಗೆ ಮಾತ್ರ, ಆಲ್ಟ್ ಟ್ಯಾಬ್ ಮಾಡಿ ಬೇರೆ ಕಡೆ ಬಂದರೆ ಎನ್‌ವಿಡಿಎ ಮಾಮೂಲಿನಂತೆ ಮಾತಾಡುತ್ತೆ. ಮತ್ತೆ ಒಂದು, ವರ್ಚುವಲ್ ಮಷಿನ್‌ನಲ್ಲಿ ಸೌಂಡ್ ಬಂತು ಅಂತ ಲ್ಯಾಪ್‌ಟಾಪ್‌ನ ನಿಜವಾದ ಸೌಂಡ್ ಕಾರ್ಡ್, ವೈಫೈ ನಡೆಯುತ್ತೆ ಅಂತ ಅರ್ಥ ಅಲ್ಲ. ಡಿಸ್ಕ್ ಅಳಿಸುವ ಮೊದಲು ಅದೇ ಡೆಬಿಯನ್‌ನ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಎರಡನ್ನೂ ನೋಡಿಕೊಳ್ಳಿ.